ಸಿಕ್ಕಿಕೊಂಡ ಕಾರ್ಟ್ರಿಜ್ ಏನು ಹೇಳುತ್ತೆ?

ರೆಕಾರ್ಡ್ ಸಬ್ಮಿಟ್ ಮಾಡೋ ಹಿಂದಿನ ರಾತ್ರಿ ಇಡೀ ಹಾಸ್ಟೆಲ್ ಫ್ಲೋರಿಗೆ ಒಂದೇ ಒಂದು ಸ್ಟೇಪ್ಲರ್ ಇರುತ್ತೆ, ಅದೂ ಜಾಮ್ ಆಗಿರುತ್ತೆ. ಆಗ ನಾವು ಏನು ಮಾಡ್ತೀವಿ? ಟೇಬಲ್ ಮೇಲೆ ನಾಲ್ಕು ಸಲ ಕುಟ್ತೀವಿ, ಕಂಪಾಸ್ ಮುಳ್ಳಿನಿಂದ ಕೆದಕ್ತೀವಿ, ಸಿಕ್ಕಿಕೊಂಡ ಪಿನ್ನನ್ನು ಕಿತ್ತು ಎಸೀತೀವಿ. ಹತ್ತು ಹಾಳೆ ಆದಮೇಲೆ ಮತ್ತೆ ಜಾಮ್. ಯಾಕೆ ಜಾಮ್ ಆಯ್ತು ಅಂತ ಯಾರಿಗೂ ಗೊತ್ತಿಲ್ಲ, ಯಾಕಂದ್ರೆ ಸಾಕ್ಷಿಯನ್ನೇ ಕಿತ್ತು ಎಸೆದಿದ್ದೀವಿ.

ಸ್ಟೇಪ್ಲರಿನ ಒಳಗಿರೋ ವ್ಯವಸ್ಥೆಯೇ ಸೆಮಿ-ಆಟೊಮ್ಯಾಟಿಕ್ ಪಿಸ್ತೂಲಿನ ಒಳಗೂ ಇದೆ. ಸಾಲಾಗಿ ನಿಂತ ವಸ್ತುಗಳು, ಹಿಂದಿನಿಂದ ತಳ್ಳುವ ಒಂದು ಸ್ಪ್ರಿಂಗ್, ಬಾಯಲ್ಲಿ ಒಂದೊಂದನ್ನೇ ಬಿಡುವ ಸಣ್ಣ ಸಂದು. ಆದರೆ ಪಿಸ್ತೂಲಿನಲ್ಲಿ ಸಿಕ್ಕಿಕೊಳ್ಳೋದು ಪಿನ್ ಅಲ್ಲ, ಮದ್ದು ತುಂಬಿದ ಕಾರ್ಟ್ರಿಜ್. ಅಲ್ಲಿ ಕುಟ್ಟೋ ಹಾಗೂ ಇಲ್ಲ, ಕೆದಕೋ ಹಾಗೂ ಇಲ್ಲ. ಹಾಗಾದ್ರೆ ಏನು ಮಾಡ್ಬೇಕು? ಈ ಪ್ರಶ್ನೆ ನಮ್ಮ ಮುಂದೆ ಬಂದದ್ದು ನಮ್ಮದೇ ಕ್ಲಾಸಿನ ಗೆಳತಿಯಿಂದ. ಅವಳು 25 ಮೀಟರ್ ಪಿಸ್ತೂಲ್ ಸ್ಪರ್ಧೆಗೆ ಅಭ್ಯಾಸ ಮಾಡ್ತಾಳೆ. ಆಯ್ಕೆ ಪಂದ್ಯಕ್ಕೆ ಮೂರು ವಾರ ಇದ್ದಾಗ ಅವಳ ಪಿಸ್ತೂಲು ಒಂದೇ ಸಂಜೆಯಲ್ಲಿ ಮೂರು ಸಲ ಕೈಕೊಟ್ಟಿತು. ಮೆಕ್ಯಾನಿಕಲ್‌ನವರು ಅನ್ನೋ ಹೆಮ್ಮೆಯಿಂದ ನಾವಿಬ್ಬರು ರೇಂಜಿಗೆ ಹೋದೆವು. ಕೋಚ್ ಸರ್ ಕೇಳಿದ್ದು ಒಂದೇ ಪ್ರಶ್ನೆ: "ಏನು ಸಿಕ್ಕಿಕೊಂಡಿತ್ತಮ್ಮಾ? ಎಲ್ಲಿ?"

"ಗೊತ್ತಿಲ್ಲ ಸರ್. ಬೋಲ್ಟ್ ಎಳೆದೆ, ಏನೋ ಕೆಳಗೆ ಬಿತ್ತು, ಮತ್ತೆ ಹೊಡೆದೆ."

"ಹಾಗಾದ್ರೆ ನಮಗೂ ಗೊತ್ತಿಲ್ಲ. ಮುಂದಿನ ಸಲ ಆದಾಗ ಮುಟ್ಟಬೇಡ, ಕರಿ."

ಈ ಲೇಖನದ ಸಾರ ಆ ಮಾತಿನಲ್ಲೇ ಇದೆ. ಉಳಿದದ್ದು ವಿವರ.

ಮುಟ್ಟಬಾರದು ಅನ್ನೋದು ನಿಯಮವೂ ಹೌದು

25 ಮೀಟರ್ ಪಿಸ್ತೂಲ್ ಮಹಿಳೆಯರ ಸ್ಪರ್ಧೆಯಲ್ಲಿ ಒಟ್ಟು 60 ಗುಂಡು. ಮೊದಲ 30 ನಿಧಾನದ ಹಂತ, ಐದೈದು ಗುಂಡಿನ ಸರಣಿಗೆ 5 ನಿಮಿಷ. ಆಮೇಲಿನ 30 ವೇಗದ ಹಂತ. ಅದರಲ್ಲಿ ಗುರಿ 3 ಸೆಕೆಂಡ್ ಮಾತ್ರ ಕಾಣಿಸುತ್ತೆ, ಅಷ್ಟರಲ್ಲಿ ಕೈ ಎತ್ತಿ ಒಂದು ಗುಂಡು ಹೊಡೀಬೇಕು. ಆಮೇಲೆ 7 ಸೆಕೆಂಡ್ ಬಿಡುವು, ಮತ್ತೆ ಗುರಿ. ಹೀಗೆ ಐದು ಸಲ. ಆ ಮಧ್ಯೆ ಮುಂದಿನ ಕಾರ್ಟ್ರಿಜ್ ತಾನಾಗಿಯೇ ಚೇಂಬರಿಗೆ ಬಂದು ಕೂತಿರಬೇಕು. ಬರಲಿಲ್ಲ ಅಂದ್ರೆ ಕೈ ಎತ್ತಿದಾಗಲೇ ಗೊತ್ತಾಗೋದು.

ಅಂತರರಾಷ್ಟ್ರೀಯ ಶೂಟಿಂಗ್ ಫೆಡರೇಶನ್ನಿನ ನಿಯಮ ಇಲ್ಲಿ ತುಂಬಾ ಸ್ಪಷ್ಟ. ಪಿಸ್ತೂಲಿನ ಮೂತಿ ಗುರಿಯ ಕಡೆಗೇ ಇಟ್ಟುಕೊಂಡು, ಇನ್ನೊಂದು ಕೈ ಎತ್ತಿ ರೇಂಜ್ ಅಧಿಕಾರಿಯನ್ನು ಕರೆಯಬೇಕು. ಅಧಿಕಾರಿ ಬಂದು ನೋಡಿ ಕಾರ್ಟ್ರಿಜ್ ನಿಜವಾಗಿ ಸಿಕ್ಕಿಕೊಂಡಿದೆ ಅಂದ್ರೆ ಅದು ಒಪ್ಪಬಹುದಾದ ದೋಷ, ನಿಯಮದ ಪ್ರಕಾರ ಮತ್ತೆ ಅವಕಾಶ ಸಿಗುತ್ತೆ. ಆದರೆ ಅವರು ನೋಡೋ ಮೊದಲೇ ಬೋಲ್ಟನ್ನೋ ಸೇಫ್ಟಿಯನ್ನೋ ಮುಟ್ಟಿದರೆ ಅವಕಾಶ ಹೋಯ್ತು. ಮ್ಯಾಗಜೀನ್ ಸರಿಯಾಗಿ ಹಾಕಿರಲಿಲ್ಲ, ಲೋಡ್ ಮಾಡೋದೇ ಮರೆತಿತ್ತು ಅಂದ್ರೂ ಅಷ್ಟೇ, ತಪ್ಪು ಶೂಟರ್‌ದು.

ಯಂತ್ರ ಕೈಕೊಟ್ಟರೆ ಎಷ್ಟು ನಷ್ಟ ಅನ್ನೋದು ನಮ್ಮವರಿಗೆ ಹೊಸದಲ್ಲ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನ 10 ಮೀಟರ್ ಏರ್ ಪಿಸ್ತೂಲ್ ಅರ್ಹತಾ ಸುತ್ತಿನಲ್ಲಿ ಮನು ಭಾಕರ್ ಅವರ ಪಿಸ್ತೂಲು ಕೆಟ್ಟು ಅಮೂಲ್ಯ ಸಮಯ ಹೋಯಿತು, ಫೈನಲ್ ತಪ್ಪಿತು. ಅದು ಫೀಡಿಂಗ್ ಜಾಮ್ ಅಲ್ಲ, ಏರ್ ಪಿಸ್ತೂಲಿಗೆ ಮ್ಯಾಗಜೀನ್ ಫೀಡಿಂಗೇ ಇಲ್ಲ. ಆದರೂ ಶೂಟರ್ ಮನಸ್ಸಿನ ಮೇಲೆ ಆಗೋ ಪರಿಣಾಮ ಒಂದೇ.

ಒಂದು ಜೂಲ್ ಲೆಕ್ಕ

ಈ ಸ್ಪರ್ಧೆಯ ಪಿಸ್ತೂಲು .22 ಲಾಂಗ್ ರೈಫಲ್ ಅನ್ನೋ ಕಾರ್ಟ್ರಿಜ್ ಬಳಸುತ್ತೆ. ನಮ್ಮಲ್ಲಿ ಹಿರಿಯರು ತೋಟಾ ಅಂತಾರಲ್ಲ, ಅದೇ. ಹಿತ್ತಾಳೆ ಕೇಸ್, ಒಳಗೆ ಮದ್ದು, ಬಾಯಲ್ಲಿ ಸೀಸದ ಗುಂಡು. ಪಿಸ್ತೂಲಿನ ಕೆಲಸದ ವಿಧಾನಕ್ಕೆ ಬ್ಲೋಬ್ಯಾಕ್ ಅಂತ ಹೆಸರು. ಗುಂಡು ಮುಂದಕ್ಕೆ ಹೋದ ಹಾಗೆ ಕೇಸ್ ಹಿಂದಕ್ಕೆ ಬೋಲ್ಟನ್ನು ತಳ್ಳುತ್ತೆ. ಬೋಲ್ಟಿಗೆ ಬೀಗ ಏನೂ ಇಲ್ಲ, ಅದರ ತೂಕ ಮತ್ತು ಒಂದು ಸ್ಪ್ರಿಂಗ್ ಅಷ್ಟೇ ಅದನ್ನು ತಡೆಯೋದು.

ಒರಟಾಗಿ ಲೆಕ್ಕ ಹಾಕೋಣ. ಗುಂಡಿನ ತೂಕ 2.6 ಗ್ರಾಂ, ವೇಗ ಸೆಕೆಂಡಿಗೆ 270 ಮೀಟರ್ ಅಂತ ಇಟ್ಟುಕೊಳ್ಳಿ. ಮೊಮೆಂಟಮ್ 0.7 ಕೆ.ಜಿ.ಮೀ./ಸೆ. ಬೋಲ್ಟಿನ ತೂಕ 250 ಗ್ರಾಂ ಅಂದ್ರೆ ಅದು ಸೆಕೆಂಡಿಗೆ 2.8 ಮೀಟರ್ ವೇಗದಲ್ಲಿ ಹಿಂದಕ್ಕೆ ಹೊರಡುತ್ತೆ. ಅದರ ಚಲನಶಕ್ತಿ ಹೆಚ್ಚು ಕಡಿಮೆ 1 ಜೂಲ್. ಮದ್ದಿನ ಅನಿಲದ ಪಾಲು ಸೇರಿಸಿದರೆ ಸ್ವಲ್ಪ ಜಾಸ್ತಿ ಆಗಬಹುದು, ಆದರೆ ಲೆಕ್ಕದ ಮಟ್ಟ ಇಷ್ಟೇ.

1 ಜೂಲ್ ಅಂದ್ರೆ 100 ಗ್ರಾಂ ತೂಕದ ಒಂದು ಸಣ್ಣ ಸೇಬನ್ನು ನೆಲದಿಂದ ಒಂದು ಮೀಟರ್ ಎತ್ತೋಕೆ ಬೇಕಾದ ಶಕ್ತಿ. ಇಷ್ಟರಲ್ಲೇ ಖಾಲಿ ಕೇಸನ್ನು ಚೇಂಬರಿನಿಂದ ಎಳೆದು, ಹೊರಗೆ ಎಸೆದು, ಹ್ಯಾಮರನ್ನು ಹಿಂದಕ್ಕೆ ಮಡಚಿ, ಸ್ಪ್ರಿಂಗನ್ನು ಅದುಮಬೇಕು. ವಾಪಸ್ ಬರುವಾಗ ಸ್ಪ್ರಿಂಗಿನಲ್ಲಿ ಉಳಿದ ಶಕ್ತಿಯಿಂದಲೇ ಮ್ಯಾಗಜೀನಿನ ಮೇಲಿನ ಕಾರ್ಟ್ರಿಜನ್ನು ಕೆಡವಿ, ಇಳಿಜಾರು ಹತ್ತಿಸಿ, ಚೇಂಬರಿನೊಳಗೆ ಕೂರಿಸಿ, ಬಾಗಿಲು ಮುಚ್ಚಬೇಕು. ಬಜೆಟ್ ಇಷ್ಟು ಬಿಗಿಯಾಗಿದ್ದಾಗ ಸ್ವಲ್ಪ ಮೇಣ, ಸ್ವಲ್ಪ ಮಸಿ, ಒಣಗಿದ ಎಣ್ಣೆ, ಯಾವುದೇ ಒಂದು ಘರ್ಷಣೆ ಖರ್ಚು ಜಾಸ್ತಿ ಮಾಡಿದರೂ ಎಲ್ಲೋ ಒಂದು ಕಡೆ ಕೆಲಸ ನಿಂತುಹೋಗುತ್ತೆ. ನಿಂತ ಜಾಗ ನೋಡಿದರೆ ಯಾವ ಹಂತದಲ್ಲಿ ಹಣ ಮುಗೀತು ಅಂತ ಗೊತ್ತಾಗುತ್ತೆ.

ಹಳೇ ಕಾಲದ ಅಂಚು

ಇನ್ನೊಂದು ತೊಂದರೆ ಕಾರ್ಟ್ರಿಜಿನ ಆಕಾರದಲ್ಲೇ ಇದೆ. .22 ಲಾಂಗ್ ರೈಫಲ್ ಬಂದದ್ದು 1887ರಲ್ಲಿ. ಆಗ ಮ್ಯಾಗಜೀನಿನಿಂದ ತಾನಾಗಿ ತುಂಬಿಕೊಳ್ಳೋ ಪಿಸ್ತೂಲುಗಳು ಬಳಕೆಯಲ್ಲೇ ಇರಲಿಲ್ಲ. ಹಾಗಾಗಿ ಅದರ ಬುಡದಲ್ಲಿ ಅಗಲವಾದ ಅಂಚು ಇದೆ, ಅದಕ್ಕೆ ರಿಮ್ ಅಂತಾರೆ. ಕೇಸಿನ ಮೈ ಸುಮಾರು 5.7 ಮಿ.ಮೀ., ರಿಮ್ ಸುಮಾರು 7 ಮಿ.ಮೀ. ಕೈಯಿಂದ ಒಂದೊಂದೇ ತುಂಬುವ ಬಂದೂಕಿಗೆ ಈ ಅಂಚು ಒಳ್ಳೇದು, ಕಾರ್ಟ್ರಿಜ್ ಒಳಗೆ ಜಾರಿಹೋಗದಂತೆ ತಡೆಯುತ್ತೆ. ಆದರೆ ಒಂದರ ಮೇಲೊಂದು ಪೇರಿಸಿದಾಗ ರಿಮ್‌ಗಳು ಒಂದಕ್ಕೊಂದು ಅಡ್ಡ ಬರುತ್ತವೆ.

ಪೇರಿಸುವ ನಿಯಮ ಸರಳ: ಮೇಲಿನ ಕಾರ್ಟ್ರಿಜಿನ ರಿಮ್ ಯಾವಾಗಲೂ ಕೆಳಗಿನದರ ರಿಮ್‌ಗಿಂತ ಮುಂದೆ ಇರಬೇಕು. ಹಿಂದೆ ಬಿತ್ತೋ, ಮೇಲಿನದನ್ನು ಮುಂದಕ್ಕೆ ತಳ್ಳಿದಾಗ ಅದು ಕೆಳಗಿನದರ ರಿಮ್ಮಿಗೆ ಕೊಕ್ಕೆ ಹಾಕಿಕೊಂಡು ಎರಡೂ ನಿಂತುಬಿಡುತ್ತವೆ. ಇದಕ್ಕೆ ರಿಮ್ ಲಾಕ್ ಅಂತ ಹೆಸರು.

ಇದು .22ಗೆ ಮಾತ್ರ ಸೀಮಿತ ಅಲ್ಲ. ನಮ್ಮ ದೇಶದಲ್ಲಿ ಲೈಸೆನ್ಸ್ ಇರೋ ನಾಗರಿಕರ ಕೈಯಲ್ಲಿ ಹೆಚ್ಚು ಕಾಣೋ .32 ಪಿಸ್ತೂಲುಗಳ ಕಾರ್ಟ್ರಿಜ್ ಜಾನ್ ಬ್ರೌನಿಂಗ್ 1899ರ ಸುಮಾರಿಗೆ ರೂಪಿಸಿದ್ದು. ಅದಕ್ಕೂ ಸಣ್ಣದೊಂದು ರಿಮ್ ಇದೆ. ಮೈಗಿಂತ ಅರ್ಧ ಮಿಲಿಮೀಟರಿನಷ್ಟು ಮಾತ್ರ ದೊಡ್ಡದು, ಆದರೂ ಸಣ್ಣ ಪಿಸ್ತೂಲಿನಲ್ಲಿ ಉದ್ದ ಕಡಿಮೆ ಇರೋ ಕಾರ್ಟ್ರಿಜ್ ಹಾಕಿದರೆ ಮ್ಯಾಗಜೀನಿನೊಳಗೆ ಹಿಂದೆ ಮುಂದೆ ಓಡಾಡೋಕೆ ಜಾಗ ಸಿಕ್ಕಿ ಅಲ್ಲೂ ರಿಮ್ ಲಾಕ್ ಆಗುತ್ತೆ. ಅದೇ ಬ್ರೌನಿಂಗ್ ಮುಂದೆ 1908ರಲ್ಲಿ ಬಂದ .380ಗೆ ಹೊರಚಾಚಿದ ರಿಮ್ ಇಡಲಿಲ್ಲ.

ನಿಂತ ಜಾಗ ಓದೋದು ಹೇಗೆ?

ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಬೇಕು: ಸಿಕ್ಕಿಕೊಂಡದ್ದು ಹೊಸ ಕಾರ್ಟ್ರಿಜ್ಜೋ, ಖಾಲಿ ಕೇಸೋ? ಖಾಲಿ ಕೇಸ್ ಕಿಟಕಿಯಲ್ಲಿ ಚಿಮಣಿ ಹಾಗೆ ನಿಂತಿದ್ದರೆ, ಅಥವಾ ಚೇಂಬರಿನಲ್ಲೇ ಉಳಿದು ಹೊಸದು ಅದರ ಬೆನ್ನಿಗೆ ಗುದ್ದಿದ್ದರೆ, ಅದು ಫೀಡಿಂಗ್ ತಪ್ಪಲ್ಲ. ಹಳೇದು ಹೊರಗೆ ಹೋಗಿಲ್ಲ, ಹೊಸದಕ್ಕೆ ಜಾಗ ಇಲ್ಲ. ಸಿಟಿ ಬಸ್ಸಿನಲ್ಲಿ ಇಳಿಯೋರು ಇಳಿಯೋ ಮೊದಲೇ ಹತ್ತೋರು ನುಗ್ಗಿದ ಹಾಗೆ. ಆಗ ನೋಡಬೇಕಾದ್ದು ಚೇಂಬರಿನ ಕೊಳೆ, ಕೇಸನ್ನು ಎಳೆಯೋ ಎಕ್ಸ್‌ಟ್ರಾಕ್ಟರಿನ ಕೊಕ್ಕೆ, ಹೊರಗೆ ತಳ್ಳೋ ಎಜೆಕ್ಟರ್.

ಹೊಸ ಕಾರ್ಟ್ರಿಜ್ಜೇ ಸಿಕ್ಕಿಕೊಂಡಿದ್ದರೆ ನಾಲ್ಕು ಸಾಧ್ಯತೆ.

ಒಂದು: ಬೋಲ್ಟ್ ಮುಚ್ಚಿದೆ, ಚೇಂಬರ್ ಖಾಲಿ. ಕಾರ್ಟ್ರಿಜ್ ಮ್ಯಾಗಜೀನಿನಲ್ಲೇ ಕೂತಿದೆ. ಬೋಲ್ಟ್ ಅದರ ಮೇಲೆ ಹಾದುಹೋಗಿದೆ ಅಷ್ಟೇ. ಮ್ಯಾಗಜೀನ್ ಪೂರ್ತಿ ಮೇಲೆ ಕೂತಿಲ್ಲ, ಅಥವಾ ಅದರ ಸ್ಪ್ರಿಂಗ್ ಸಮಯಕ್ಕೆ ಸರಿಯಾಗಿ ಕಾರ್ಟ್ರಿಜನ್ನು ಎತ್ತಿಲ್ಲ, ಅಥವಾ ಬೋಲ್ಟ್ ಸಾಕಷ್ಟು ಹಿಂದೆ ಹೋಗಿಯೇ ಇಲ್ಲ. ಕೊನೇದು ಆಗೋದು ಮದ್ದಿನ ಶಕ್ತಿ ಕಡಿಮೆ ಇದ್ದಾಗ ಅಥವಾ ಸ್ಪ್ರಿಂಗ್ ತೀರಾ ಬಿಗಿ ಇದ್ದಾಗ. ಜೇಬಿನ ಗಾತ್ರದ ಹಗುರ ಪಿಸ್ತೂಲುಗಳಲ್ಲಿ ಹಿಡಿತ ಸಡಿಲ ಇದ್ದರೂ ಹೀಗಾಗುತ್ತೆ. ಬೋಲ್ಟಿನ ಜೊತೆ ಇಡೀ ಪಿಸ್ತೂಲೇ ಹಿಂದಕ್ಕೆ ಬಂದರೆ ಅವೆರಡರ ನಡುವಿನ ಚಲನೆ ಕಡಿಮೆ ಆಗುತ್ತೆ.

ಎರಡು: ಗುಂಡಿನ ಮೂತಿ ಕೆಳಗೆ ಗುದ್ದಿದೆ. ಚೇಂಬರಿನ ಮುಂದಿನ ಇಳಿಜಾರಿನ ಕೆಳಭಾಗಕ್ಕೋ ಮ್ಯಾಗಜೀನಿನ ಮುಂದಿನ ಗೋಡೆಗೋ ತಾಗಿ ನಿಂತಿದೆ. ಮ್ಯಾಗಜೀನಿನ ಸ್ಪ್ರಿಂಗ್ ಸೋತಿದೆ, ಕಾರ್ಟ್ರಿಜನ್ನು ಹೊರುವ ಫಾಲೋಯರ್ ಕೊಳೆಯಿಂದ ತಡೆದಿದೆ, ಇಲ್ಲವೇ ರಿಮ್ ಲಾಕ್ ಆಗಿದೆ.

ಮೂರು: ಮೂತಿ ಮೇಲಕ್ಕೆ ಎದ್ದಿದೆ. ಮ್ಯಾಗಜೀನಿನ ತುಟಿಗಳು ಕಾರ್ಟ್ರಿಜನ್ನು ಬೇಗ ಬಿಟ್ಟುಬಿಟ್ಟಿವೆ, ಅಂದ್ರೆ ತುಟಿ ಅಗಲ ಆಗಿದೆ ಅನ್ನೋ ಅನುಮಾನ.

ನಾಲ್ಕು: ಕಾರ್ಟ್ರಿಜ್ ಒಳಗೆ ಹೋಗಿದೆ, ಬೋಲ್ಟ್ ಒಂದೆರಡು ಮಿಲಿಮೀಟರ್ ಮುಚ್ಚಿಲ್ಲ. ಚೇಂಬರಿನಲ್ಲಿ ಸೀಸ, ಮೇಣ, ಮಸಿ ಸೇರಿದೆ, ಅಥವಾ ಬೋಲ್ಟ್ ಓಡಾಡೋ ದಾರಿ ಒಣಗಿದೆ, ಅಥವಾ ಬೋಲ್ಟನ್ನು ಮುಂದೆ ತಳ್ಳೋ ಸ್ಪ್ರಿಂಗ್ ಸೋತಿದೆ. ಇಂಥ ಹೊತ್ತಲ್ಲಿ ಬೋಲ್ಟನ್ನು ಹಿಂದಿನಿಂದ ಅಂಗೈಯಲ್ಲಿ ಗುದ್ದಿ ಮುಚ್ಚೋ ಆಸೆ ಬರುತ್ತೆ. ಬೇಡ. ಒಳಗೆ ಏನು ತಡೀತಿದೆ ಅಂತ ಗೊತ್ತಿಲ್ಲದೆ ಗುದ್ದಬಾರದು.

ಅಪಾಯ ಎಲ್ಲಿದೆ?

.22ರಲ್ಲಿ ಕಿಡಿ ಹೊತ್ತಿಸುವ ರಾಸಾಯನಿಕ ರಿಮ್ಮಿನ ಒಳಗೇ ಸುತ್ತಲೂ ಇರುತ್ತೆ. ಹೊಡೆತದ ಪಿನ್ ಆ ಅಂಚನ್ನು ಜಜ್ಜಿದಾಗ ಮದ್ದು ಹೊತ್ತಿಕೊಳ್ಳೋದು. ಹಾಗಾದ್ರೆ ಸಿಕ್ಕಿಕೊಂಡ ಕಾರ್ಟ್ರಿಜಿನ ರಿಮ್ಮನ್ನು ಸ್ಕ್ರೂಡ್ರೈವರಿನಿಂದ ಮೀಟಿದರೆ ಏನಾಗಬಹುದು, ನೀವೇ ಯೋಚಿಸಿ. ಬ್ಯಾರಲ್ಲಿನ ಹೊರಗೆ ಹೊತ್ತಿಕೊಂಡ ಕೇಸ್ ಒಡೆದು ಹಿತ್ತಾಳೆ ಚೂರು ಕಣ್ಣಿಗೆ ಬರುತ್ತೆ.

ಹಾಗಾಗಿ ಕ್ರಮ ಹೀಗೆ. ಬೆರಳು ಟ್ರಿಗರಿನಿಂದ ಹೊರಗೆ, ಮೂತಿ ಗುರಿಯ ಕಡೆ, ಕೋಚ್ ಅಥವಾ ಅಧಿಕಾರಿ ಪಕ್ಕದಲ್ಲಿ. ಪಕ್ಕದಿಂದ, ಹಿಂದಿನಿಂದ ಮಾತ್ರ ನೋಡೋದು, ಮುಂದಿನಿಂದ ಯಾವತ್ತೂ ಇಲ್ಲ. ನೋಡಿ ಆದಮೇಲೆ ಮೊದಲು ಮ್ಯಾಗಜೀನ್ ಹೊರಗೆ, ಆಮೇಲೆ ಬೋಲ್ಟ್ ಹಿಂದಕ್ಕೆ. ಈ ಅನುಕ್ರಮ ತಲೆಕೆಳಗಾದರೆ ಒಂದು ಕಾರ್ಟ್ರಿಜ್ ತೆಗೆಯುವಾಗಲೇ ಇನ್ನೊಂದು ತುಂಬಿಕೊಳ್ಳುತ್ತೆ. ಕೊನೆಗೆ ಚೇಂಬರ್ ಖಾಲಿ ಅಂತ ಕಣ್ಣಾರೆ ನೋಡಿ ಕಿತ್ತಳೆ ಬಣ್ಣದ ಸೇಫ್ಟಿ ಫ್ಲ್ಯಾಗ್ ಸಿಕ್ಕಿಸೋದು. ಅದೂ ಬರದಷ್ಟು ಬಿಗಿಯಾಗಿ ಸಿಕ್ಕಿಕೊಂಡಿದ್ದರೆ ಅದು ಆರ್ಮರರ್ ಕೆಲಸ, ನಮ್ಮದಲ್ಲ.

ಇನ್ನೆರಡು ಸಂದರ್ಭ ಜಾಮ್ ಥರಾನೇ ಕಾಣುತ್ತವೆ, ಆದರೆ ಅಲ್ಲ. ಟ್ರಿಗರ್ ಒತ್ತಿದಾಗ ಬರೀ ಟಿಕ್ ಅಂದು ಗುಂಡು ಹಾರಲಿಲ್ಲ ಅಂದ್ರೆ ಮದ್ದು ತಡವಾಗಿ ಹೊತ್ತಿಕೊಳ್ಳೋ ಸಾಧ್ಯತೆ ಇದೆ. ಮೂತಿ ಗುರಿಯ ಕಡೆ ಹಿಡಿದು ಕನಿಷ್ಠ 30 ಸೆಕೆಂಡ್ ಕಾಯಬೇಕು. ಮತ್ತೆ, ಶಬ್ದ ಎಂದಿಗಿಂತ ಮೆತ್ತಗೆ 'ಪುಸ್' ಅಂತ ಬಂದು ಬೋಲ್ಟ್ ಓಡಲಿಲ್ಲ ಅಂದ್ರೆ ಗುಂಡು ಬ್ಯಾರಲ್ಲಿನಲ್ಲೇ ಉಳಿದಿರಬಹುದು. ಜಾಮ್ ಅಂದುಕೊಂಡು ಬೋಲ್ಟ್ ಎಳೆದು ಮುಂದಿನದನ್ನು ಹೊಡೆದರೆ ಬ್ಯಾರಲ್ಲೇ ಹಾಳು, ಕೈಯೂ ಉಳಿಯೋ ಖಾತ್ರಿ ಇಲ್ಲ. ಅಲ್ಲಿಗೇ ಆ ದಿನದ ಶೂಟಿಂಗ್ ನಿಲ್ಲಿಸಬೇಕು.

ನಮ್ಮ ಪುಸ್ತಕ, ನಮ್ಮ ತಪ್ಪು

ಇನ್ನು ನಮ್ಮ ಕಥೆ. ಎರಡನೇ ಸಂಜೆ ಜಾಮ್ ಆದಾಗ ಗೆಳತಿ ಕೈ ಎತ್ತಿದಳು. ಕೋಚ್ ಸರ್ ಪಕ್ಕ ನಿಂತು ನೋಡಿದೆವು: ಮೂತಿ ಕೆಳಗೆ. ತಕ್ಷಣ ನಮಗೆ ಉತ್ತರ ಹೊಳೀತು. "ಸರ್, ಇಳಿಜಾರು ಒರಟಾಗಿದೆ. ಎಮರಿ ಪೇಪರ್ ಹಾಕಿ ಪಾಲಿಶ್ ಮಾಡಿದ್ರೆ ಸರಿಹೋಗುತ್ತೆ." ಎಲ್ಲೋ ಕೇಳಿದ್ದ ಉಪಾಯ ಅದು.

ಸರ್ ನಕ್ಕರು. "ಉಜ್ಜಿದ ಲೋಹನ ವಾಪಸ್ ಅಂಟಿಸ್ತೀರೇನ್ರೋ? ಮೊದಲು ವಾಪಸ್ ಮಾಡಬಹುದಾದ ಕೆಲಸ ಎಲ್ಲಾ ಮಾಡಿ ಮುಗಿಸಿ."

ಅವಳ ಹತ್ತಿರ ಮೂರು ಮ್ಯಾಗಜೀನ್ ಇದ್ದವು (ನೀವು ಓದ್ತಿರೋ ಥರದ್ದಲ್ಲ, ಸಂಚಿಕೆ ತಡ ಆದರೂ ಅವಕ್ಕೆ ತೊಂದರೆ ಇಲ್ಲ). ನೋಡೋಕೆ ಮೂರೂ ಒಂದೇ. ನೇಲ್ ಪಾಲಿಶ್‌ನಲ್ಲಿ 1, 2, 3 ಅಂತ ಬರೆದೆವು. ಒಂದು ನೋಟ್‌ಬುಕ್ಕಿನಲ್ಲಿ ನಾಲ್ಕು ಕಾಲಂ: ಮ್ಯಾಗಜೀನ್ ಸಂಖ್ಯೆ, ಎಷ್ಟನೇ ಗುಂಡು, ಯಾವ ಬಗೆಯ ಜಾಮ್, ಯಾವ ಡಬ್ಬದ ಕಾರ್ಟ್ರಿಜ್. ಒಂದು ವಾರ ಬೇರೆ ಏನನ್ನೂ ಬದಲಾಯಿಸಲಿಲ್ಲ. ವಾರದ ಕೊನೆಗೆ ನೋಡಿದರೆ ಮೂತಿ ಕೆಳಗಾದ ಜಾಮ್‌ಗಳೆಲ್ಲ 2ನೇ ಮ್ಯಾಗಜೀನಿನವೇ. ಇಳಿಜಾರು ಒರಟಾಗಿದ್ದಿದ್ದರೆ ಮೂರಕ್ಕೂ ಆಗಬೇಕಿತ್ತು, ಅಲ್ವಾ? ಪಿಸ್ತೂಲು ಒಂದೇ, ಇಳಿಜಾರೂ ಒಂದೇ. ನಾವು ಎಮರಿ ಪೇಪರ್ ಹಿಡಿದಿದ್ದರೆ ಸರಿಯಾಗಿದ್ದ ಭಾಗವನ್ನೇ ಹಾಳು ಮಾಡಿರ್ತಿದ್ದೆವು.

2ನೇದನ್ನು ಬಿಚ್ಚಿದಾಗ ಒಳಗೆ ಕಪ್ಪು ಹಸಿ ಮಣ್ಣಿನಂಥ ಪದಾರ್ಥ. .22 ಗುಂಡಿನ ಮೈಗೆ ಮೇಣ ಅಥವಾ ಗ್ರೀಸ್ ಸವರಿರುತ್ತಾರೆ. ಅದಕ್ಕೆ ಸುಡದೆ ಉಳಿದ ಮದ್ದು ಸೇರಿತ್ತು. ಮೇಲಿಂದ ಯಾರೋ ಒಳ್ಳೇ ಮನಸ್ಸಿನಿಂದ ಎಣ್ಣೆ ಬೇರೆ ಬಿಟ್ಟಿದ್ದರು. ಎಣ್ಣೆ ಕೊಳೆಯನ್ನು ಹಿಡಿದಿಟ್ಟುಕೊಳ್ಳುತ್ತೆ, ಅದಕ್ಕೇ ಮ್ಯಾಗಜೀನಿನ ಒಳಗನ್ನು ಒರೆಸಿ ಒಣಗಿಸಿಯೇ ಇಡಬೇಕು. ಒರೆಸಿದ ಮೇಲೆ ಕೈ ಸೋಪು ಹಾಕಿ ತೊಳೀಬೇಕು, ಅದು ಸೀಸ.

ತುಂಬುವ ರೀತಿಯಲ್ಲೂ ತಪ್ಪಿತ್ತು. ಮ್ಯಾಗಜೀನಿನ ಪಕ್ಕದ ಗುಬಟನ್ನು ಒಂದೇ ಸಲ ತಳದವರೆಗೆ ಎಳೆದು ಐದೂ ಕಾರ್ಟ್ರಿಜ್ ಒಳಗೆ ಬೀಳಿಸ್ತಿದ್ದಳು. ಬೇಗ ಆಗುತ್ತೆ, ಆದರೆ ರಿಮ್‌ಗಳು ಹೇಗೆ ಬೇಕೋ ಹಾಗೆ ಬೀಳುತ್ತವೆ. ಒಂದು ಕಾರ್ಟ್ರಿಜಿಗೆ ಬೇಕಾದಷ್ಟೇ ಗುಬಟನ್ನು ಇಳಿಸಿ, ಪ್ರತಿಯೊಂದನ್ನೂ ತುಟಿಯ ಕೆಳಗೆ ಜಾರಿಸಿ ಕೂರಿಸಿದರೆ ಮೇಲಿನ ರಿಮ್ ಮುಂದೆ, ಕೆಳಗಿನದು ಹಿಂದೆ ನಿಲ್ಲುತ್ತೆ.

ಎರಡೂ ಸರಿ ಮಾಡಿದ ಮೇಲೆ ಜಾಮ್ ಕಡಿಮೆ ಆಯ್ತು, ಪೂರ್ತಿ ಹೋಗಲಿಲ್ಲ. ವರ್ನಿಯರ್ ಹಿಡಿದು ಅಳೆದಾಗ 2ನೇದರ ತುಟಿಗಳ ನಡುವಿನ ಸಂದು ಮಿಕ್ಕೆರಡಕ್ಕಿಂತ ಸ್ವಲ್ಪ ಬೇರೆ ಇತ್ತು, ಎಂದೋ ಕಾಂಕ್ರೀಟ್ ಮೇಲೆ ಬಿದ್ದಿರಬೇಕು. ಇಕ್ಕಳ ತಗೊಂಡು ಬಗ್ಗಿಸೋಣ್ವಾ ಅಂತ ಕೇಳೋಕೆ ಬಾಯಿ ತೆರೆದವರು ಸರ್ ಮುಖ ನೋಡಿ ಸುಮ್ಮನಾದೆವು. ಆ ಮ್ಯಾಗಜೀನಿಗೆ ಕೆಂಪು ಟೇಪ್ ಸುತ್ತಿ ಪಕ್ಕಕ್ಕೆ ಇಟ್ಟು ಹೊಸದು ತರಿಸಿದರು. ಆಯುಧದ ರಿಪೇರಿ ಕೆಲಸ ಮಾಡೋಕೆ ನಮ್ಮಲ್ಲಿ 1959ರ ಆಯುಧ ಕಾಯ್ದೆಯ ಪ್ರಕಾರ ಲೈಸೆನ್ಸ್ ಬೇಕು ಅನ್ನೋದೂ ಆಗಲೇ ಗೊತ್ತಾದದ್ದು.

ಪುಸ್ತಕದಲ್ಲಿ ಇನ್ನೂ ಎರಡು ಸಾಲು ಬಾಕಿ ಇದ್ದವು: ಬೋಲ್ಟ್ ಪೂರ್ತಿ ಮುಚ್ಚದ ಜಾಮ್. ಅದು ಯಾವ ಮ್ಯಾಗಜೀನ್ ಅಂತ ನೋಡದೆ ಬಂದಿತ್ತು, ಆದರೆ ಎರಡು ಸಲವೂ ಸಂಜೆಯ ಕೊನೇ ಹೊತ್ತಿಗೆ. ಚೇಂಬರ್ ಶುಚಿ ಮಾಡಿದ ಮೇಲೆ ಅದೂ ನಿಂತಿತು. ಒಂದೇ ಪಿಸ್ತೂಲಿಗೆ ಎರಡು ಬೇರೆ ಕಾಯಿಲೆ ಇತ್ತು. "ಜಾಮ್ ಆಗ್ತಿದೆ" ಅನ್ನೋ ಒಂದೇ ಹೆಸರಲ್ಲಿ ಅವೆರಡೂ ಅಡಗಿಕೊಂಡಿದ್ದವು.

ಪಟ್ಟಿ

ನಮ್ಮ ಪುಸ್ತಕದ ಕೊನೇ ಹಾಳೆಯಲ್ಲಿ ಸರ್ ಬರೆಸಿದ ಕ್ರಮ ಇದು. ಮೇಲಿನದು ಅಗ್ಗ, ಕೆಳಗೆ ಹೋದಂತೆ ದುಬಾರಿ. ಒಂದು ಸಲಕ್ಕೆ ಒಂದೇ ಬದಲಾವಣೆ.

1. ನೋಡು, ಬರೆದುಕೋ.
2. ಮ್ಯಾಗಜೀನ್ ಬದಲಿಸಿ ನೋಡು.
3. ಮ್ಯಾಗಜೀನ್, ಚೇಂಬರ್, ಬೋಲ್ಟ್ ಶುಚಿ ಮಾಡು.
4. ತುಂಬುವ ರೀತಿ, ಹಿಡಿತ ಗಮನಿಸು.
5. ಬೇರೆ ತಯಾರಿಕೆಯ ಕಾರ್ಟ್ರಿಜ್ ಹಾಕಿ ನೋಡು.
6. ಸ್ಪ್ರಿಂಗ್, ಎಕ್ಸ್‌ಟ್ರಾಕ್ಟರ್ ಆರ್ಮರರ್ ಹತ್ತಿರ ಪರೀಕ್ಷಿಸು.
7. ಅರ, ಎಮರಿ, ಇಕ್ಕಳ: ಮುಟ್ಟಬೇಡ.

ಬೋಲ್ಟನ್ನು ಕೈಯಿಂದ ಓಡಿಸಿ ಪರೀಕ್ಷೆ ಮಾಡೋದಿದ್ದರೆ ಮದ್ದಿಲ್ಲದ ಡಮ್ಮಿ ಕಾರ್ಟ್ರಿಜ್ ಮಾತ್ರ. ರೂಮಿನಲ್ಲಿ ನಿಜವಾದ ಕಾರ್ಟ್ರಿಜ್ ಹಾಕಿ ನೋಡೋದು ಅನ್ನೋ ಮಾತೇ ಇಲ್ಲ.

ಆಯ್ಕೆ ಪಂದ್ಯದ ದಿನ ವೇಗದ ಹಂತದಲ್ಲಿ ಒಂದು ಸಲ ಅವಳ ಪಿಸ್ತೂಲು ನಿಂತಿತು. ಅವಳು ಮೂತಿ ಗುರಿಯ ಕಡೆ ಇಟ್ಟು, ಎಡಗೈ ಎತ್ತಿ, ಕಾದಳು. ಅಧಿಕಾರಿ ಬಂದು ಬಗ್ಗಿ ನೋಡಿ, ಕಾರ್ಟ್ರಿಜ್ ಸಿಕ್ಕಿಕೊಂಡಿದೆ ಅಂತ ಬರೆದುಕೊಂಡರು, ಅವಕಾಶ ಉಳೀತು. ತಿಂಗಳ ಹಿಂದೆ ಆಗಿದ್ದರೆ ಬೋಲ್ಟ್ ಎಳೆದು ಕಳ್ಕೊಂಡಿರ್ತಿದ್ದಳು. ತಂಡಕ್ಕೆ ಆಯ್ಕೆ ಆದಳಾ ಅಂತ ಕೇಳ್ತೀರಾ? ಆದಳು, ಕೊನೇ ಸ್ಥಾನದಲ್ಲಿ. ಆ ದಿನದ ಜಾಮ್ ಯಾವ ಬಗೆಯದು ಅಂತ ನಾವು ಕೇಳೋ ಮೊದಲೇ ಅವಳು ನೋಟ್‌ಬುಕ್ ತೆಗೆದು ಬರೀತಿದ್ದಳು: "ಮ್ಯಾಗಜೀನ್ 3, ನಾಲ್ಕನೇ ಗುಂಡು, ಚಿಮಣಿ."

ಅಂದ್ರೆ ಫೀಡಿಂಗ್ ಅಲ್ಲ. ಈ ವಾರ ಎಕ್ಸ್‌ಟ್ರಾಕ್ಟರ್, ಎಜೆಕ್ಟರ್ ನೋಡಿಸ್ತಿದ್ದಾರೆ.